ನಗಿಸುವವನಿಗೆ ಊಟವಾಯಿತೇ?

ಕೆಲವು ದಿನಗಳ ಹಿಂದೆ ಕುವೆಂಪುನಗರದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಗೃಹಪ್ರವೇಶವಿದ್ದಿತು. ಊಟ ಮುಗಿದ ಮೇಲೆ ನಾವು ನಾಲ್ಕಾರು ಮಂದಿ ಹಿರಿಯರು ಎಲೆಯಡಿಕೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಹಜಾರದಲ್ಲಿ ಕುಳಿತೆವು. ಹೀಗೆ ಕುಳಿತಾಗ ಮಾತು ಹೇಗೋ ಸುತ್ತಿ ಬಳಸಿ ಟಿ. ಪಿ. ಕೈಲಾಸಂ ಅವರ ಬಳಿಗೆ ಬರುವುದು ನಮ್ಮ ತಲೆಮಾರಿನವರ ವಾಡಿಕೆ. ಅಂದೂ ಬಂದಿತು. ಒಬ್ಬರು ಅವರ ಸಿಗರೇಟಿನ ಕತೆ ಹೇಳಿದರು. ಇನ್ನೊಬ್ಬರು ಕುಡಿತದ ಕತೆ ಹೇಳಿದರು. ಮತ್ತೊಬ್ಬರು ಅವರ ಕೋಣೆಯ ಕೊಳಕನ್ನು ಕಣ್ಣಾರೆ ಕಂಡವರಂತೆ ಬಣ್ಣಿಸಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಷ್ಟೇ ಅಲ್ಲ, ನನ್ನ ಪಾಲಿನದೆಂದು ಒಂದು ಕತೆಯನ್ನೂ ಸೇರಿಸಿದೆ.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ನನ್ನ ಮೊಮ್ಮಗಳು, ಕಾಲೇಜಿನಲ್ಲಿ ಓದುತ್ತಿರುವವಳು, ನಗಲಿಲ್ಲ. ನಮ್ಮ ನಗು ಇಳಿದ ಮೇಲೆ ಮೆಲ್ಲಗೆ, "ತಾತ, ಅವರಿಗೆ ಮನೆಯಲ್ಲಿ ಯಾರೂ ಇರಲಿಲ್ಲವೇ?" ಎಂದು ಕೇಳಿದಳು.

ಹಜಾರದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಯಾರೋ "ಕಾಫಿ ಆಯಿತೇನಮ್ಮಾ?" ಎಂದು ಒಳಕ್ಕೆ ಕೂಗಿ ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಆದರೆ ಆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು; ಇನ್ನೂ ಹೋಗಿಲ್ಲ. ಅದರ ಸಲುವಾಗಿಯೇ ಈ ಬರೆಹ.

ಕೈಲಾಸಂ ಅವರಿಗೆ ಎಲ್ಲರೂ ಇದ್ದರು. ತಂದೆ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು, ವಿದ್ವಾಂಸರು, ರಾಮಾಯಣದ ಲಂಕೆ ಎಲ್ಲಿದ್ದಿತೆಂದು ವಿಚಾರಮಾಡಿ ಗ್ರಂಥ ಬರೆದವರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿತು, ಹೆಚ್ಚಿನ ಓದಿಗೆ ಲಂಡನ್ನಿಗೆ ಹೋದರು. ಅಲ್ಲಿ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಓದಿ, 1915ರಲ್ಲಿ ಹಿಂದಿರುಗಿದರು. ಬುದ್ಧಿ, ಕುಲ, ವಿದ್ಯೆ, ಸರ್ಕಾರದ ಹುದ್ದೆ, ಸಂಸಾರ, ಆ ಕಾಲದವರು ಬಯಸುತ್ತಿದ್ದುದೆಲ್ಲವೂ ಅವರ ಕೈಯಲ್ಲಿದ್ದಿತು. ಕೆಲವೇ ವರ್ಷಗಳಲ್ಲಿ ಹುದ್ದೆಯನ್ನು ಬಿಟ್ಟರು. ತರುವಾಯ ಮನೆಯೂ ಅವರನ್ನು ಹಿಡಿದಿಡಲಿಲ್ಲ. ತಂದೆ, ಹೆಂಡತಿ, ಮಕ್ಕಳು ಎಲ್ಲರೂ ಇದ್ದೂ, ಬಹುಕಾಲ ಒಂಟಿಯಾಗಿ, ಗೆಳೆಯರ ಆಸರೆಯಲ್ಲಿ ಬದುಕಿದರು. ತಾವೇ ಮಾಡಿಕೊಂಡ ಒಂದು ಕೊಠಡಿಗೆ ಇಂಗ್ಲಿಷಿನಲ್ಲಿ ‘ನೂಕ್’ ಎಂದು ಹೆಸರಿಟ್ಟಿದ್ದರು. ಮೂಲೆ ಎಂದು ಅದರ ಅರ್ಥ. ಕನ್ನಡದ ಕಿವಿಗೆ ಅದು ‘ನೂಕು’ ಎಂದೂ ಕೇಳಿಸುತ್ತದೆ. ಮಾತನ್ನು ಹೊಸೆಯುವುದರಲ್ಲಿ ಅಂಥ ನಿಸ್ಸೀಮರಾದ ಅವರಿಗೆ ಈ ಎರಡನೆಯ ಅರ್ಥ ಹೊಳೆದಿರಲಿಲ್ಲವೆಂದು ನಂಬಲು ನನಗೆ ಮನಸ್ಸು ಬಾರದು. ಲೋಕದಿಂದ ನೂಕಿಸಿಕೊಂಡವನೋ, ಲೋಕವನ್ನೇ ನೂಕಿದವನೋ, ಅಂತೂ ಒಬ್ಬ ಮನುಷ್ಯ ಹತ್ತು ವರ್ಷಗಳಷ್ಟು ಕಾಲ ಒಂದು ಮೂಲೆಯಲ್ಲಿ ಬದುಕಿದ. ನಾವು ಅದನ್ನು ತಮಾಷೆಯ ಕತೆಯನ್ನಾಗಿ ಮಾಡಿಕೊಂಡೆವು.

ಅವರಿದ್ದ ಕಡೆ ಜನ ಸೇರುತ್ತಿದ್ದರು. ಅವರ ನಾಟಕಗಳಲ್ಲಿ ಬಹಳಷ್ಟು ಅವರು ಕುಳಿತು ಬರೆದವಲ್ಲ. ಅವರು ಆಡುತ್ತಿದ್ದಂತೆ ಗೆಳೆಯರು ಬರೆದುಕೊಂಡವು. ಹಾಡು, ಅನುಕರಣೆ, ಶ್ಲೇಷೆ, ಒಬ್ಬರೇ ಹತ್ತು ಪಾತ್ರಗಳಾಗಿ ಮಾತನಾಡುವ ಚಮತ್ಕಾರ, ಇವೆಲ್ಲಕ್ಕೂ ಎದುರಿಗೊಂದು ಸಭೆ ಬೇಕು. ಸಭೆ ಇರುವಷ್ಟು ಹೊತ್ತು ಅವರು ‘ಪ್ರಹಸನ ಪ್ರಪಿತಾಮಹ’, ‘ಕನ್ನಡಕ್ಕೊಬ್ಬನೇ ಕೈಲಾಸಂ’. ಸಭೆ ಎದ್ದು ಹೋದ ಮೇಲೆ ಅವರು ಏನಾಗಿದ್ದರು? ನಮ್ಮ ಹಿರಿಯರ ಕತೆಗಳೆಲ್ಲ ಸಭೆ ಎದ್ದು ಹೋಗುವಲ್ಲಿಗೆ ಮುಗಿದುಹೋಗುತ್ತವೆ. ಕತೆ ಹೇಳುವವರು ತಾವೂ ಸಭೆಯೊಡನೆ ಎದ್ದು ತಮ್ಮ ತಮ್ಮ ಮನೆಗಳಿಗೆ ಹೋದವರೇ ಅಲ್ಲವೇ?

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ವಿಲಕ್ಷಣ ಸ್ವಭಾವದ ನಗೆಗಾರನೊಬ್ಬನ ವಿಲಕ್ಷಣತೆಯನ್ನು ನಾವು ಮೆಚ್ಚುವುದರಲ್ಲಿ ಒಂದು ಅನುಕೂಲ ಅಡಗಿದೆ. "ಅವನು ಹಾಗೆಯೇ, ಅವನ ರೀತಿಯೇ ಬೇರೆ" ಎಂದು ಹೇಳಿಬಿಟ್ಟರೆ, ಅವನು ಏಕೆ ಹಾಗೆ ಎಂದು ಕೇಳುವ ಹೊಣೆ ತಪ್ಪುತ್ತದೆ. ನೆರೆಮನೆಯ ಗುಮಾಸ್ತನೊಬ್ಬ ದಿನವೆಲ್ಲ ಸಿಗರೇಟು ಸೇದುತ್ತ, ಊಟಬಿಟ್ಟು, ಸಂಸಾರಬಿಟ್ಟು ಕೊಳಕು ಕೊಠಡಿಯಲ್ಲಿ ಮಲಗಿದ್ದರೆ ನಾವು ಮರುಗುತ್ತೇವೆ, ಅಥವಾ ಛೀ ಎನ್ನುತ್ತೇವೆ. ಅದನ್ನೇ ಪ್ರತಿಭಾವಂತನೊಬ್ಬ ಮಾಡಿದರೆ ಚಪ್ಪಾಳೆ ತಟ್ಟುತ್ತೇವೆ. ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲ, ಜ್ವರ ಇಳಿಯುವುದಿಲ್ಲ.

ಕೈಲಾಸಂ ತಮ್ಮ ದುಃಖವನ್ನು ಎಲ್ಲಿಯೂ ಬಿಚ್ಚಿಟ್ಟವರಲ್ಲ. ಆದರೆ ಅವರ ಬರೆಹವನ್ನು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ನನಗೆ ಒಂದು ಸಂಗತಿ ಬಹಳ ತಡವಾಗಿ ಕಂಡಿತು. ಅವರ ಮನೆಮಾತು ತಮಿಳು. ನಗುವುದಕ್ಕೆ ಅವರು ಆರಿಸಿಕೊಂಡದ್ದು ಕನ್ನಡ, ಅದೂ ಇಂಗ್ಲಿಷನ್ನು ಧಾರಾಳವಾಗಿ ಬೆರೆಸಿದ, ಅಂದಿನ ಬೀದಿಯಲ್ಲಿ ಮನೆಯಲ್ಲಿ ಜನ ಆಡುತ್ತಿದ್ದ ಕನ್ನಡ. ‘ಪೋಲೀಕಿಟ್ಟಿ’, ‘ಹೋಂರೂಲು’, ‘ಬಂಡ್ವಾಳ್ವಿಲ್ಲದ್ ಬಡಾಯಿ’, ‘ಅಮ್ಮಾವ್ರ ಗಂಡ’, ಈ ಹೆಸರುಗಳನ್ನು ಕೇಳಿದರೆ ಸಾಕು, ತುಟಿ ಅರಳುತ್ತದೆ. ಆದರೆ ಇಂಗ್ಲಿಷಿನಲ್ಲಿ ನಾಟಕ ಬರೆಯಲು ಕುಳಿತಾಗ ಅವರು ಯಾರನ್ನು ಕರೆದರು? ಹೆಬ್ಬೆರಳು ಕೊಟ್ಟ ಏಕಲವ್ಯನನ್ನು. ಗುರುವಿನ ಶಾಪ ಹೊತ್ತ ಕರ್ಣನನ್ನು. ತಂದೆಯನ್ನು ಕಳೆದುಕೊಂಡ ಭರತನನ್ನು. ಲೋಕವೆಲ್ಲ ದುಷ್ಟನೆಂದು ತೀರ್ಪುಕೊಟ್ಟ ಕೀಚಕನನ್ನು ಕೂಡ. ಏಕಲವ್ಯ ಬಿಲ್ವಿದ್ಯೆಗೆ ಬಂದದ್ದು ಕೀರ್ತಿಗಾಗಿ ಅಲ್ಲ, ಕಾಡಿನ ಎಳೆಯ ಜಿಂಕೆಗಳನ್ನು ತೋಳಗಳಿಂದ ಉಳಿಸುವುದಕ್ಕಾಗಿ ಎಂದು ಕಲ್ಪಿಸಿದವರು ಅವರು. ಬೆರಳು ಹೋದ ಮೇಲೆ ಆ ಮರಿಗಳ ಗತಿ ಏನು ಎಂಬ ಚಿಂತೆ ಮಹಾಭಾರತದಲ್ಲಿಲ್ಲ. ಅದು ಕೈಲಾಸಂ ಅವರ ಚಿಂತೆ. ಕರ್ಣನ ನಾಟಕ ಪುಸ್ತಕವಾಗಿ ಬಂದದ್ದು 1946ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಶಕ್ತಿ ಇದ್ದೂ ಪಡೆಯಬೇಕಾದುದನ್ನು ಪಡೆಯದೆ ಹೋದವರು, ತಪ್ಪಿಲ್ಲದೆ ತಪ್ಪಿತಸ್ಥರಾದವರು, ತಮ್ಮವರೇ ಗುರುತಿಸದೆ ಬಿಟ್ಟವರು, ಇವರೇ ಅವರ ಗಂಭೀರ ನಾಟಕಗಳ ನಾಯಕರು. ನಗೆಯನ್ನು ಊರ ಭಾಷೆಯಲ್ಲಿ ಊರಿಗೆಲ್ಲ ಹಂಚಿದ ಮನುಷ್ಯ, ಅಳುವನ್ನು ಊರಿನ ಬಹುಮಂದಿಗೆ ತಿಳಿಯದ ಭಾಷೆಯಲ್ಲಿ ಬರೆದಿಟ್ಟ. ಇದನ್ನು ಅತಿಯಾಗಿ ಎಳೆಯಬಾರದೆಂದು ನನಗೆ ಗೊತ್ತು. ‘ಬಹಿಷ್ಕಾರ’, ‘ಸೂಳೆ’ ಮೊದಲಾದ ಕನ್ನಡ ನಾಟಕಗಳಲ್ಲಿಯೂ ನಗು ಬಾಯಿಯಲ್ಲೇ ಆರಿಹೋಗುವ ಸ್ಥಳಗಳಿವೆ. ಆದರೂ ಆ ವಿಂಗಡಣೆ ನನ್ನನ್ನು ಕಾಡುತ್ತದೆ. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದು ಕನ್ನಡಿಗರು ಗೌರವಿಸಿದರು. ಗೌರವ ಬಂದಾಗ ಬದುಕಿನಲ್ಲಿ ಉಳಿದಿದ್ದುದು ಸುಮಾರು ಒಂದು ವರ್ಷ.

ಇದು ಹಳೆಯ ಕಾಲದ ಮಾತಾಯಿತು ಎನ್ನುವವರಿಗೆ ನಮ್ಮ ಊರಿನದೇ ಇನ್ನೊಂದು ನಿದರ್ಶನ ಕೊಡುತ್ತೇನೆ. ಹುಣಸೂರಿನಲ್ಲಿ 1942ರಲ್ಲಿ ಹುಟ್ಟಿ, ಮೈಸೂರಿನ ಶಾರದಾವಿಲಾಸ, ಬನುಮಯ್ಯ ಶಾಲೆಗಳಲ್ಲಿ ಓದಿ, ಸಿಪಿಸಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಅಣ್ಣನೊಡನೆ ಇಲ್ಲಿಯೇ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟಿದ್ದ ತರುಣನೊಬ್ಬ 1964ರಲ್ಲಿ ಸೋದರಮಾವ ಹುಣಸೂರು ಕೃಷ್ಣಮೂರ್ತಿಯವರ ‘ವೀರಸಂಕಲ್ಪ’ದ ಮೂಲಕ ಬೆಳ್ಳಿತೆರೆಗೆ ಹೋದ. ಆತನೇ ದ್ವಾರಕೀಶ್. ಮೈಸೂರಿನವರಿಗೆ ಅವರು ಹೊರಗಿನ ನಟರಲ್ಲ. ನಮ್ಮ ಅಂಗಡಿಬೀದಿಯಿಂದ ಎದ್ದುಹೋದ ಹುಡುಗ. ಎತ್ತರ ಕಡಿಮೆ ಎಂಬುದನ್ನು ಲೋಕ ಆಡಿಕೊಳ್ಳುವ ಮೊದಲೇ ತಾವೇ ಆಡಿಕೊಂಡರು: ‘ಕುಳ್ಳ ಏಜೆಂಟ್ 000’, ‘ಕಳ್ಳ ಕುಳ್ಳ’, ‘ಸಿಂಗಪೂರಿನಲ್ಲಿ ರಾಜಾಕುಳ್ಳ’, ‘ಪ್ರಚಂಡ ಕುಳ್ಳ’. ನೋಯಿಸಬಹುದಾಗಿದ್ದ ಪದವನ್ನು ಕಿತ್ತುಕೊಂಡು ತಮ್ಮ ಬಾವುಟ ಮಾಡಿಕೊಂಡರು. ಇದು ಸಾಮಾನ್ಯ ಎದೆಗಾರಿಕೆಯಲ್ಲ. ಆದರೆ ಬಾಲ್ಯದಲ್ಲಿ ಆ ಪದ ಎಷ್ಟು ಸಲ ಚುಚ್ಚಿದ್ದರೆ ಒಬ್ಬ ಮನುಷ್ಯ ಅದನ್ನು ಹೀಗೆ ಕಿತ್ತುಕೊಳ್ಳುತ್ತಾನೆ ಎಂದು ಯೋಚಿಸದೆ ಇರಲಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರ ನಡುವೆ ಇದ್ದವನು ನಾನು. ಅಡ್ಡಹೆಸರುಗಳ ಹರಿತವನ್ನು ಬಲ್ಲೆ.

1969ರಲ್ಲಿ ‘ಮೇಯರ್ ಮುತ್ತಣ್ಣ’ ನಿರ್ಮಿಸಿ ಗೆದ್ದವರು, ಮುಂದೆ ಸಾಲು ಸಾಲು ಸೋಲು ಕಂಡರು. ಸಾಲ ಬೆಳೆಯಿತು, ಮನೆಗಳನ್ನು ಮಾರಬೇಕಾಯಿತು. ಇದನ್ನು ಯಾರೋ ಹಬ್ಬಿಸಿದ್ದಲ್ಲ, ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡದ್ದು. 2004ರಲ್ಲಿ ‘ಆಪ್ತಮಿತ್ರ’ ಅವರನ್ನು ಮತ್ತೆ ಎತ್ತಿ ನಿಲ್ಲಿಸಿತು. ಕಷ್ಟದ ಕತೆಯನ್ನು ಹೇಳುವಾಗಲೂ ಕೇಳುವವರನ್ನು ನಗಿಸುತ್ತಿದ್ದರು. 2021ರ ಏಪ್ರಿಲ್ 16ರಂದು ಅವರ ಪತ್ನಿ ತೀರಿಕೊಂಡರು. 2024ರಲ್ಲಿ ಅದೇ ಏಪ್ರಿಲ್ 16ರಂದು ಅವರೂ ಹೊರಟರು. ಪತ್ರಿಕೆಯಲ್ಲಿ ಆ ಎರಡು ತಾರೀಖುಗಳನ್ನು ಒಟ್ಟಿಗೆ ಓದಿದಾಗ, ಅಲ್ಲಿಯವರೆಗೆ ನನಗೆ ‘ಪ್ರಚಂಡ ಕುಳ್ಳ’ನಾಗಿದ್ದವರು ಮೊದಲ ಬಾರಿಗೆ ಒಬ್ಬ ಗೃಹಸ್ಥರಾಗಿ ಕಂಡರು.

ಒಬ್ಬರು ಏನನ್ನೂ ಹೇಳದೆ ಹೋದರು. ಇನ್ನೊಬ್ಬರು ಎಲ್ಲವನ್ನೂ ನಗುತ್ತ ಹೇಳಿ ಹೋದರು. ಎರಡು ಸಂದರ್ಭಗಳಲ್ಲಿಯೂ ನಮ್ಮ ಪಾಲಿಗೆ ಉಳಿದದ್ದು ನಗುವೇ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾನು ಪರರ ತಪ್ಪನ್ನು ಎಣಿಸಿದಂತಾಗುತ್ತದೆ. ನನ್ನದೊಂದಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನೆನಪಿರಬಹುದು.

1982ರ ಶಾಲಾ ವಾರ್ಷಿಕೋತ್ಸವಕ್ಕೆ ನಾವು ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆಡಿಸಲು ನಿಶ್ಚಯಿಸಿದೆವು. ಆ ನಾಟಕ ನಿಮಗೆಲ್ಲ ಗೊತ್ತು: ಪುಟ್ಟು ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮೊದಲಿಗ, ಮನೆಗೆ ಕೀರ್ತಿ, ಮಾಧು ಓದಿನಲ್ಲಿ ಹಿಂದೆ, ಎಲ್ಲರ ಕಣ್ಣಿಗೂ ಟೊಳ್ಳು. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಿಳಿಯುತ್ತದೆ. ಪುಟ್ಟುವಿನ ಪಾತ್ರಕ್ಕೆ ತರಗತಿಯ ಮೊದಲಿಗನನ್ನು ಆರಿಸಿದೆ. ಮಾಧುವಿನ ಪಾತ್ರಕ್ಕೆ ಶಾಲೆಯ ವಿದೂಷಕನನ್ನು ಆರಿಸಿದೆ. ಹೆಸರು ಹೇಳುವುದಿಲ್ಲ. ಎಲ್ಲ ಉಪಾಧ್ಯಾಯರ ನಡಿಗೆಯನ್ನೂ ಕೆಮ್ಮನ್ನೂ ಹಾಗೆ ಹಾಗೆಯೇ ಅನುಕರಿಸುತ್ತಿದ್ದ ಹುಡುಗ. ನಾವು ಉಪಾಧ್ಯಾಯರೇ ಬಿಡುವಿನ ವೇಳೆಯಲ್ಲಿ ಅವನನ್ನು ಕೊಠಡಿಗೆ ಕರೆಸಿಕೊಂಡು, "ಎಲ್ಲಿ, ಹೆಡ್‌ಮೇಷ್ಟ್ರನ್ನು ಮಾಡಿ ತೋರಿಸು" ಎನ್ನುತ್ತಿದ್ದೆವು.

ಅವನು ದಿನವೂ ತಡವಾಗಿ ಬರುತ್ತಿದ್ದ. ಮೊದಲ ಪಾಠ ನನ್ನದು. "ಏಕೆ ತಡ?" ಎಂದು ನಾನು ಕೇಳುವುದು, ಅವನು ದಿನಕ್ಕೊಂದು ಹೊಸ ಕಾರಣ ಕಟ್ಟಿ ಹೇಳುವುದು, ತರಗತಿ ಗೊಳ್ಳೆಂದು ನಗುವುದು ನಡೆದೇ ಇದ್ದಿತು. ಟಾಂಗಾದ ಕುದುರೆ ದೊಡ್ಡ ಗಡಿಯಾರದ ಬಳಿ ನಿಂತು ಗಂಟೆ ನೋಡಿ, ಹೊತ್ತು ಇನ್ನೂ ಇದೆ ಎಂದು ಮಲಗಿಬಿಟ್ಟಿತು ಎಂದು ಒಮ್ಮೆ ಹೇಳಿದ. ನಾನು ಕೂಡ ಆ ಕಾರಣಗಳಿಗಾಗಿ ಕಾಯುತ್ತಿದ್ದೆ. ಕೇಳುತ್ತಿದ್ದ ಪ್ರಶ್ನೆಯ ಉತ್ತರ ನನಗೆ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದುದು ತಮಾಷೆ.

ಅಭ್ಯಾಸ ಆರಂಭವಾಯಿತು. ಅವನು ಮಾಧುವಾಗಿ ರಂಗದ ತುಂಬ ಕುಣಿಯುತ್ತಾನೆಂದು ನಾನು ಎಣಿಸಿದ್ದೆ. ತಾಯಿಯ ಪಾತ್ರದ ಎದುರು ನಿಂತಾಗ ಅವನ ಧ್ವನಿ ಇಳಿದುಹೋಗುತ್ತಿತ್ತು. ಮಾತುಗಳನ್ನು ತಗ್ಗಿದ ದನಿಯಲ್ಲಿ, ಯಾವ ಚೇಷ್ಟೆಯೂ ಇಲ್ಲದೆ ಆಡುತ್ತಿದ್ದ. ಮೂರು ದಿನ ನೋಡಿ ನನಗೆ ರೇಗಿತು. "ಏನಯ್ಯ ಇದು, ಸಾವಿನ ಮನೆಯಲ್ಲಿ ಮಾತನಾಡುವ ಹಾಗೆ! ಜನ ನಗಬೇಕು, ಸ್ವಲ್ಪ ಜೀವ ತುಂಬು" ಎಂದು ಎಲ್ಲರ ಎದುರಿಗೆ ಗದರಿಸಿದೆ. ಅವನು "ಆಗಲಿ ಸಾರ್" ಎಂದ. ಮರುದಿನದಿಂದ ಜೀವ ತುಂಬಿದ. ವಾರ್ಷಿಕೋತ್ಸವದ ದಿನ ಸಭೆ ನಕ್ಕು ನಕ್ಕು ಸುಸ್ತಾಯಿತು. ಅವನಿಗೆ ಬಹುಮಾನವೂ ಬಂದಿತು.

ಅವನ ತಾಯಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರೆಂದು, ಬೆಳಗ್ಗೆ ಎದ್ದು ಅವರಿಗೆ ಮೈ ಒರೆಸಿ, ಗಂಜಿ ಮಾಡಿ ಕುಡಿಸಿ, ತಂಗಿಯನ್ನು ಅವಳ ಶಾಲೆಗೆ ಬಿಟ್ಟು ಅವನು ಬರುತ್ತಿದ್ದನೆಂದು ನನಗೆ ತಿಳಿದದ್ದು ಮುಂದಿನ ಬೇಸಿಗೆಯಲ್ಲಿ, ಆ ತಾಯಿ ತೀರಿಕೊಂಡ ಮೇಲೆ. ನಾನು ಮಾಧುವಿನ ಪಾತ್ರವನ್ನು ಮಾಧುವಿಗೇ ಕೊಟ್ಟಿದ್ದೆ. ಅವನು ಅದನ್ನು ಸರಿಯಾಗಿ ಆಡಿದಾಗ ಗದರಿಸಿ ತಪ್ಪಾಗಿ ಆಡಿಸಿದ್ದೆ. ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರ ಕತೆ ಇದು.

ನಾನು ನಿವೃತ್ತನಾದ ಮೇಲೆ ಒಂದು ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಅವನು ಸಿಕ್ಕಿದ. ಕೂದಲು ನರೆತಿದ್ದಿತು. ಕೈಯಲ್ಲಿದ್ದ ತರಕಾರಿಯ ಚೀಲವನ್ನು ಕೆಳಗಿಟ್ಟು, ಅಲ್ಲಿಯೇ ಕಾಲು ಮುಟ್ಟಿ ನಮಸ್ಕರಿಸಿದ. ಹೂವಿನ ಅಂಗಡಿಗಳ ಪಕ್ಕದಲ್ಲಿ ನಿಂತು, ಇಷ್ಟು ವರ್ಷ ನನ್ನಲ್ಲಿದ್ದ ಮಾತನ್ನು ಹೇಳಿದೆ: "ಅಂದು ನಾನು ಕೇಳಬೇಕಾಗಿತ್ತಪ್ಪ. ಕೇಳಲಿಲ್ಲ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ತರಗತಿಯಲ್ಲಿ ಎಲ್ಲರೆದುರಿಗೆ ಕೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ. ಆಮೇಲೆ ಶಾಲೆಗೆ ಬರುತ್ತಲೇ ಇರಲಿಲ್ಲ. ಆ ಒಂದು ಗಂಟೆ ಮಾತ್ರ ನಾನು ರೋಗಿಯ ಮಗ ಆಗಿರುತ್ತಿರಲಿಲ್ಲ. ಅದನ್ನು ಕಿತ್ತುಕೊಳ್ಳದೆ ಇದ್ದುದು ಒಳ್ಳೆಯದಾಯಿತು" ಎಂದ. ಬಳಿಕ ಚೀಲ ಎತ್ತಿಕೊಳ್ಳುತ್ತ, "ಆದರೆ ಗಂಟೆ ಹೊಡೆದ ಮೇಲೆ ಕಾರಿಡಾರಿನಲ್ಲಿ ಒಂದು ಸಲ ‘ಊಟ ಆಯಿತೇನೋ’ ಎಂದು ಕೇಳಬಹುದಾಗಿತ್ತು ಸಾರ್" ಎಂದು ನಕ್ಕ.

ಈ ಎರಡು ಮಾತುಗಳಲ್ಲಿ ನಾನು ಇಲ್ಲಿಯವರೆಗೆ ವಾದಿಸಿದ್ದೆಲ್ಲಕ್ಕೂ ತಿದ್ದುಪಡಿ ಇದೆ. ನಗಿಸುವವನ ಮುಖವಾಡವನ್ನು ಕಿತ್ತು ಒಳಗಿನ ಕಣ್ಣೀರನ್ನು ತೋರಿಸುವುದೇ ಸಹಾನುಭೂತಿ ಎಂದು ನಾವು ಭಾವಿಸಿದರೆ ಅದೂ ತಪ್ಪು. ಈಚೆಗೆ ಆ ಚಪಲವೂ ಹೆಚ್ಚಿದೆ. 2014ರಲ್ಲಿ ಅಮೆರಿಕದ ಹಾಸ್ಯನಟ ರಾಬಿನ್ ವಿಲಿಯಮ್ಸ್ ಆತ್ಮಹತ್ಯೆ ಮಾಡಿಕೊಂಡಾಗ, ಎರಡು ಶತಮಾನಗಳ ಹಿಂದಿನ ಲಂಡನ್ನಿನ ವಿದೂಷಕ ಗ್ರಿಮಾಲ್ಡಿಯ ಹೆಸರಿಗೆ ಅಂಟಿಕೊಂಡಿರುವ ದಂತಕತೆ ಮತ್ತೆ ಎಲ್ಲೆಲ್ಲೂ ಓಡಾಡಿತು: ಬೇಸರ ಕಳೆಯಲು ಗ್ರಿಮಾಲ್ಡಿಯ ಆಟ ನೋಡು ಎಂದು ವೈದ್ಯ ಹೇಳಿದನಂತೆ, ರೋಗಿ ನಾನೇ ಗ್ರಿಮಾಲ್ಡಿ ಎಂದನಂತೆ. ಕತೆ ಸೊಗಸಾಗಿದೆ. ಸೊಗಸಾಗಿರುವುದೇ ಅದರ ತೊಂದರೆ. ನಗುವನ್ನು ಸವಿದದ್ದು ಸಾಲದೆಂದು ಅವನ ದುಃಖವನ್ನೂ ಸವಿಯುತ್ತೇವೆ. ಟಿಕೆಟ್ಟು ಒಂದೇ, ಆಟ ಎರಡು. ಜೊತೆಗೆ, ನಗಿಸುವವರೆಲ್ಲ ಒಳಗೊಳಗೇ ಅಳುತ್ತಿರುತ್ತಾರೆಂಬುದೂ ನಿಜವಲ್ಲ. ಹೊಟ್ಟೆತುಂಬ ಉಂಡು ಸುಖವಾಗಿ ನಿದ್ರಿಸಿದ ಹಾಸ್ಯಗಾರರೂ ಲೋಕದಲ್ಲಿದ್ದಾರೆ. ಕೈಲಾಸಂ ಅವರ ನಗೆ ಕೇವಲ ಗಾಯದ ಮೇಲಿನ ಪಟ್ಟಿಯಲ್ಲ. ಅದು ಒಂದು ಸಾಧನೆ. ದ್ವಾರಕೀಶರ ‘ಕುಳ್ಳ’ ಒಂದು ಗೆಲುವು. ಅದನ್ನು ಗೆಲುವೆಂದೇ ಒಪ್ಪಿಕೊಳ್ಳಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ನನ್ನ ಉತ್ತರ ಬಹಳ ಚಿಕ್ಕದು. ಆಟ ನಡೆಯುತ್ತಿರುವಾಗ ಮನಸಾರ ನಗಬೇಕು. ಅದು ಆಟಗಾರನಿಗೆ ಸಲ್ಲಬೇಕಾದ ಕೂಲಿ. ಪರದೆ ಬಿದ್ದ ಮೇಲೆ, ನಾಲ್ಕು ಜನ ಇಲ್ಲದಾಗ, ಅವನನ್ನು ನಗೆಗಾರನೆಂದು ಅಲ್ಲ, ಮನುಷ್ಯನೆಂದು ಮಾತನಾಡಿಸಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ ದೊಡ್ಡ ಮಾತುಗಳೇನೂ ಬೇಕಾಗಿಲ್ಲ. "ಊಟ ಆಯಿತೇ?" ಎಂಬ ಎರಡು ಪದಗಳಿವೆ. ಅದಕ್ಕೆ ಬರುವ ಉತ್ತರ ಚೇಷ್ಟೆಯದಾಗಿದ್ದರೆ ಇನ್ನೊಮ್ಮೆ ಕೇಳಬೇಕು, ಕೇಳಿ ಸುಮ್ಮನೆ ಕಾಯಬೇಕು. ನಾನು ತರಗತಿಯಲ್ಲಿ ಮಾಡದೆ ಹೋದದ್ದು ಇಷ್ಟೇ.

ನಿಮ್ಮಲ್ಲಿ ಕೆಲವರು ಈಗ ಮೇಷ್ಟ್ರುಗಳಾಗಿದ್ದೀರಿ. ದಿನವೂ ತಡವಾಗಿ ಬಂದು ನಗಿಸುವ ಹುಡುಗ ನಿಮ್ಮ ತರಗತಿಯಲ್ಲಿಯೂ ಇರುತ್ತಾನೆ. ಕೆಲವರು ಕಚೇರಿಗಳಲ್ಲಿದ್ದೀರಿ, ಅಲ್ಲಿಯೂ ಒಬ್ಬನಿರುತ್ತಾನೆ. ಬಂಧುಗಳಿಗೆ ಹೇಳಬೇಕಾದುದೇ ಇಲ್ಲ: ಪ್ರತಿ ಮದುವೆಯಲ್ಲಿಯೂ ಇಸ್ಪೀಟಿನ ಜಮಖಾನದ ಮೇಲೆ ಕುಳಿತು ಎಲ್ಲರನ್ನೂ ನಗಿಸುತ್ತಿದ್ದ ನಮ್ಮ ಚಿಕ್ಕಪ್ಪನ ನೆನಪು ನಿಮಗೆಲ್ಲ ಇದೆ. ಮದುವೆ ಮುಗಿದ ಮೇಲೆ ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬಂದವರು ಯಾರಾದರೂ ಇದ್ದೇವೆಯೇ? ನಾನಂತೂ ಹೋಗಿರಲಿಲ್ಲ.

ಮೊಮ್ಮಗಳಿಗೆ ಉತ್ತರ ಹೇಳಬೇಕಾಗಿತ್ತು. ನಿನ್ನೆ ಹೇಳಿದೆ: "ಮನೆಯಲ್ಲಿ ಎಲ್ಲರೂ ಇದ್ದರು ಮಗು. ಹೊರಗೆ ಇನ್ನೂ ಹೆಚ್ಚು ಜನ ಇದ್ದರು. ನಮ್ಮ ಹಾಗೆ ನಗುವವರು." ಅವಳು ಏನೂ ಹೇಳಲಿಲ್ಲ. ರಾತ್ರಿ ನಾನು ಇದನ್ನು ಬರೆಯುತ್ತ ಕುಳಿತಿದ್ದಾಗ ಬಾಗಿಲಲ್ಲಿ ಇಣುಕಿ, "ತಾತ, ಊಟ ಆಯಿತಾ?" ಎಂದಳು. ಆಗಿರಲಿಲ್ಲ. ಎದ್ದೆ.